ಟರ್ಬೊ ಇಲ್ಲದ ಪೆಟ್ರೋಲ್ ಕಾರಿಗೆ ಟರ್ಬೊ ಕೂರಿಸುವ ಮುನ್ನ, ಕೂರಿಸುವಾಗ, ಕೂರಿಸಿದ ಮೇಲೆ

ಕಮ್ಮಾರನ ಕುಲುಮೆಯಲ್ಲಿ ತಿದಿ ಒತ್ತಿದಾಗ ಇದ್ದಿಲು ಅದೇ ಇದ್ದಿಲಾದರೂ ಬೆಂಕಿಯ ಬಿಸಿ ಬೇರೆಯಾಗುತ್ತದೆ. ಟರ್ಬೊಚಾರ್ಜರ್ ಎಂಜಿನ್‌ಗೆ ಮಾಡುವುದೂ ಅದನ್ನೇ. ಇಲ್ಲಿ ತಿದಿ ಒತ್ತಲು ಆಳು ಬೇಕಿಲ್ಲ. ಎಂಜಿನ್ ಹೊರಗೆ ಉಗುಳುವ ಬಿಸಿ ಹೊಗೆ ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ, ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿರುವ ಕಂಪ್ರೆಸರ್ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಸಿಲಿಂಡರಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿಯೇ ಈ ವಿಚಾರಕ್ಕೆ ಪೇಟೆಂಟ್ ಪಡೆದಿದ್ದರು. ಆದರೆ ತಿದಿ ಜೋರಾದಾಗ ಇದ್ದಿಲೂ ಸಾಲಬೇಕು, ಕುಲುಮೆಯ ಗೋಡೆಯೂ ತಾಳಬೇಕು. ಟರ್ಬೊ ಕೂರಿಸಲು ಹೊರಟವರಲ್ಲಿ ಹೆಚ್ಚಿನವರು ತಿದಿಯ ಬಗ್ಗೆ ತಿಂಗಳುಗಟ್ಟಲೆ ಯೋಚಿಸಿ, ಇದ್ದಿಲು ಮತ್ತು ಗೋಡೆಯ ಬಗ್ಗೆ ಒಂದು ಸಂಜೆಯನ್ನೂ ಕಳೆಯುವುದಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಟರ್ಬೊಗಿಂತ ಎಣ್ಣೆ, ಇಂಧನ ಮತ್ತು ಶಾಖದ ಮಾತೇ ಹೆಚ್ಚು.

ಲೆಕ್ಕಕ್ಕೆಂದು ಇಲ್ಲಿ ಹಿಡಿದಿರುವುದು ನಮ್ಮ ರಸ್ತೆಗಳಲ್ಲಿ ಧಾರಾಳವಾಗಿ ಕಾಣುವ ಮಾದರಿಯ ಎಂಜಿನ್: 1197 ಸಿಸಿ, ನಾಲ್ಕು ಸಿಲಿಂಡರ್, ಮ್ಯಾನಿಫೋಲ್ಡಿನಲ್ಲಿಯೇ ಇಂಧನ ಸಿಂಪಡಿಸುವ ಪೆಟ್ರೋಲ್ ಎಂಜಿನ್, ಕಾರ್ಖಾನೆಯ ಲೆಕ್ಕದಲ್ಲಿ 83 ಅಶ್ವಶಕ್ತಿ. ಎಂಜಿನ್ ಬೇರೆಯಾದರೆ ಅಂಕಿಗಳು ಬದಲಾಗುತ್ತವೆ, ಲೆಕ್ಕದ ದಾರಿ ಬದಲಾಗುವುದಿಲ್ಲ.

ಕಾನೂನಿನ ಮಾತು ಮೊದಲು

1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ವಿಧಿಯ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಮೂದಿಸಿದ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ವಿಧಿಯ 4ನೇ ಉಪವಿಧಿ, ಅನುಮತಿಯಿಲ್ಲದೆ ಬಿಡಿಭಾಗ ಅಳವಡಿಸಿ ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರುತ್ತದೆ. ಹೀಗಾಗಿ ಮಗುವನ್ನು ಶಾಲೆಗೆ ಬಿಟ್ಟು, ಹಾಗೆಯೇ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗಿಬರುವ ಮನೆಯ ಕಾರಿಗೆ ಈ ಕೆಲಸ ಮಾಡಕೂಡದು. ಇದು ರೇಸ್ ಟ್ರ್ಯಾಕಿಗೆಂದೇ ಮೀಸಲಿಟ್ಟ, ಟೋಯಿಂಗ್ ಲಾರಿಯ ಮೇಲೆ ಹೇರಿಕೊಂಡು ಹೋಗುವ ಕಾರಿನ ಕೆಲಸ. ಮೈಸೂರಿನವರಿಗೆ ಹತ್ತಿರದ ಶಾಶ್ವತ ಟ್ರ್ಯಾಕುಗಳಲ್ಲೊಂದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ; ಚಾಮರಾಜನಗರ ದಾಟಿ, ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಇಳಿದು ಹೋಗಬೇಕು. ಮೈಸೂರು–ಬೆಂಗಳೂರು ಹೆದ್ದಾರಿಯನ್ನು ಟ್ರ್ಯಾಕ್ ಎಂದು ತಿಳಿದವರಿಗಾಗಿ ಈ ಬರಹ ಇಲ್ಲ.

ಎಂಜಿನ್ ತಾಳುತ್ತದೆಯೇ?

ಸುಸ್ತಾದ ಎಂಜಿನ್‌ಗೆ ಟರ್ಬೊ ಕೂರಿಸಿದರೆ ಅದರ ಹಳೆಯ ಕಾಯಿಲೆಗಳೆಲ್ಲ ಒಂದೇ ದಿನ ಹೊರಬೀಳುತ್ತವೆ. ಎಂಜಿನ್ ಬಿಸಿಯಿರುವಾಗ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಂಧನ ಮತ್ತು ಕಿಡಿ ಎರಡನ್ನೂ ನಿಲ್ಲಿಸಿ, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಶನ್ ಪರೀಕ್ಷೆ ಮಾಡಬೇಕು. ಆರೋಗ್ಯವಾಗಿರುವ ಎಂಜಿನ್ ಸಾಮಾನ್ಯವಾಗಿ 12 ಬಾರ್ ಆಸುಪಾಸು ತೋರಿಸುತ್ತದೆ, ಆದರೆ ಒಟ್ಟು ಅಂಕಿಗಿಂತ ಮುಖ್ಯವಾದದ್ದು ಸಿಲಿಂಡರುಗಳ ನಡುವಿನ ಅಂತರ. ಅದು ನೂರಕ್ಕೆ ಹತ್ತನ್ನು ಮೀರಿದ್ದರೆ ಅಲ್ಲಿಗೇ ನಿಲ್ಲಿಸಿ ಮೊದಲು ರಿಂಗ್, ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕೆಲಸ ಮುಗಿಸಬೇಕು. ಎಣ್ಣೆ ಕುಡಿಯುವ ಎಂಜಿನ್ ಕೂಡ ಅರ್ಹವಲ್ಲ. ಸಿಲಿಂಡರಿಗೆ ಸೇರುವ ಎಣ್ಣೆಯ ಆವಿ ಪೆಟ್ರೋಲಿನ ಆಕ್ಟೇನ್ ಗುಣವನ್ನು ಇಳಿಸುತ್ತದೆ, ನಾಕಿಂಗ್ ಬೇಗ ಶುರುವಾಗುತ್ತದೆ.

ಟರ್ಬೊ ಇಲ್ಲದ ಎಂಜಿನ್ನುಗಳ ಕಂಪ್ರೆಶನ್ ಅನುಪಾತ 10ರಿಂದ 11ರ ಸುತ್ತ ಇರುವುದು ವಾಡಿಕೆ. ಗಾಳಿಯನ್ನು ಹೊರಗೊಮ್ಮೆ ಒತ್ತಿ, ಒಳಗೆ ಮತ್ತೆ 11 ಪಟ್ಟು ಒತ್ತಿದರೆ ಮಿಶ್ರಣದ ಉಷ್ಣತೆ ಏರಿ, ಕಿಡಿಯಿಂದ ಹೊರಟ ಜ್ವಾಲೆ ತಲುಪುವ ಮುನ್ನವೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಗ್ಯಾರೇಜಿನಲ್ಲಿ ನಾಕಿಂಗ್ ಎನ್ನುವುದು ಇದನ್ನೇ. ಕಲ್ಲು ತುಂಬಿದ ಡಬ್ಬಿ ಅಲ್ಲಾಡಿಸಿದಂತಹ ಆ ಸದ್ದು ಕೆಲವು ಸೆಕೆಂಡು ಮುಂದುವರಿದರೂ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಒಡೆಯಬಹುದು. ಮೂಲ ಪಿಸ್ಟನ್, ಮೂಲ ಕನೆಕ್ಟಿಂಗ್ ರಾಡ್ ಇಟ್ಟುಕೊಂಡು ಕೆಲಸ ಮಾಡುವವರು 0.3ರಿಂದ 0.4 ಬಾರ್ ಬೂಸ್ಟಿಗೆ (ಹೊರಗಿನ ಗಾಳಿಯ ಒತ್ತಡದ ಮೇಲೆ ಟರ್ಬೊ ಸೇರಿಸುವ ಒತ್ತಡ) ತೃಪ್ತಿಪಡುವುದು ಒಳ್ಳೆಯದು. ಅದಕ್ಕಿಂತ ಹೆಚ್ಚು ಬೇಕೆಂದರೆ ಕಡಿಮೆ ಅನುಪಾತದ ಫೋರ್ಜ್ಡ್ ಪಿಸ್ಟನ್ ಹಾಕಬೇಕು. ದಪ್ಪ ಹೆಡ್ ಗ್ಯಾಸ್ಕೆಟ್ ಹಾಕಿ ಅನುಪಾತ ಇಳಿಸುವ ಅಡ್ಡದಾರಿಯೊಂದು ಬಳಕೆಯಲ್ಲಿದೆ. ಅದರಿಂದ ಪಿಸ್ಟನ್ ಮತ್ತು ಹೆಡ್ ನಡುವಿನ ಕಿರಿದಾದ ಸಂದಿ ಅಗಲವಾಗಿ, ಮಿಶ್ರಣವನ್ನು ಕಲಕುವ ಗುಣ ಹೋಗುತ್ತದೆಯಾದ್ದರಿಂದ ಅದು ನನಗೆ ಒಪ್ಪಿಗೆಯಿಲ್ಲ.

ಕಾಗದದ ಮೇಲಿನ ಲೆಕ್ಕ

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸಮುದ್ರದಂಚಿನ 1.013 ಬಾರ್ ಅಲ್ಲ, ಹೆಚ್ಚುಕಡಿಮೆ 0.925 ಬಾರ್. ಮಂಡ್ಯ ಇನ್ನಷ್ಟು ತಗ್ಗಿನಲ್ಲಿರುವುದರಿಂದ ಅಲ್ಲಿ ಒಂದು ಕೂದಲೆಳೆ ಹೆಚ್ಚು. ಅಂದರೆ 83 ಅಶ್ವಶಕ್ತಿಯ ಎಂಜಿನ್ ಚಾಮುಂಡಿ ಬೆಟ್ಟದ ಬುಡದಲ್ಲಿ ಕೊಡುವುದೇ 75ರಷ್ಟು. ಸಮುದ್ರಮಟ್ಟಕ್ಕೆಂದು ಬರೆದ ಲೆಕ್ಕಗಳನ್ನು ಇಲ್ಲಿಗೆ ಹಾಗೆಯೇ ತಂದರೆ ಟರ್ಬೊದ ಆಯ್ಕೆ ತಪ್ಪುತ್ತದೆ.

ಎಂಜಿನ್ ನಿಮಿಷಕ್ಕೆ 6,000 ಸುತ್ತಿನಲ್ಲಿ ತಿರುಗುತ್ತಿದೆ, ಸಿಲಿಂಡರ್ ನೂರಕ್ಕೆ 85ರಷ್ಟು ತುಂಬುತ್ತಿದೆ ಎಂದುಕೊಳ್ಳೋಣ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ಉಸಿರೆಳೆಯುವುದರಿಂದ, 1.197 ಲೀಟರನ್ನು 3,000ದಿಂದಲೂ 0.85ರಿಂದಲೂ ಗುಣಿಸಿದರೆ ನಿಮಿಷಕ್ಕೆ ಸುಮಾರು 3,050 ಲೀಟರ್ ಗಾಳಿ. 30 ಡಿಗ್ರಿ ಸೆಲ್ಸಿಯಸ್ ಬಿಸಿಯ ಮೈಸೂರಿನ ಗಾಳಿ ಘನ ಮೀಟರಿಗೆ 1.06 ಕಿಲೋ ತೂಗುತ್ತದೆ, ಹಾಗಾಗಿ ಟರ್ಬೊ ಇಲ್ಲದೆ ಎಂಜಿನ್ ನುಂಗುವುದು ನಿಮಿಷಕ್ಕೆ 3.25 ಕಿಲೋ ಗಾಳಿ. ಈಗ 0.4 ಬಾರ್ ಬೂಸ್ಟ್ ಕೊಟ್ಟು, ಇಂಟರ್‌ಕೂಲರ್ (ಒತ್ತಿದ ಗಾಳಿಯನ್ನು ತಂಪಾಗಿಸುವ ಜಾಲರಿ) ದಾಟಿದ ಗಾಳಿಯ ಬಿಸಿಯನ್ನು 45 ಡಿಗ್ರಿಗೆ ಹಿಡಿದಿಟ್ಟರೆ, ಮ್ಯಾನಿಫೋಲ್ಡಿನಲ್ಲಿ ಒಟ್ಟು ಒತ್ತಡ 1.325 ಬಾರ್, ಗಾಳಿಯ ತೂಕ ಘನ ಮೀಟರಿಗೆ 1.45 ಕಿಲೋ, ಹರಿವು ನಿಮಿಷಕ್ಕೆ 4.43 ಕಿಲೋ. ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಗಾಳಿ ಸಿಕ್ಕಿತು. ಕಿಡಿಯನ್ನು ತಡಮಾಡುವುದರಿಂದ ಮತ್ತು ಹೊಗೆಯ ಎದುರೊತ್ತಡದಿಂದ ಒಂದಿಷ್ಟು ಸೋರಿಹೋದರೂ 95 ಅಶ್ವಶಕ್ತಿಯ ಸುತ್ತ ನಿರೀಕ್ಷಿಸಬಹುದು. ಇದಿಷ್ಟೇನಾ ಎಂದು ಯಾರಾದರೂ ಮೂಗು ಮುರಿಯಬಹುದು. ಕಾರು ಓಡಿಸುವವರಿಗೆ ಗೊತ್ತಾಗುವುದು ತುದಿಯ ಅಂಕಿಯಲ್ಲ, 3,000 ಸುತ್ತಿನಲ್ಲಿ ಸಿಗುವ ಪಿಕಪ್.

ಕಂಪ್ರೆಸರಿನ ಆಯ್ಕೆಗೆ ಬೇಕಾದ ಇನ್ನೊಂದು ಅಂಕಿ ಒತ್ತಡದ ಅನುಪಾತ. ಇಂಟರ್‌ಕೂಲರಿನಲ್ಲಿ 0.05 ಬಾರ್, ಏರ್ ಫಿಲ್ಟರಿನಲ್ಲಿ 0.02 ಬಾರ್ ಕಳೆಯುತ್ತದೆ ಎಂದಿಟ್ಟುಕೊಂಡರೆ 1.375ನ್ನು 0.905ರಿಂದ ಭಾಗಿಸಬೇಕು, ಉತ್ತರ 1.52. ಇದೇ ಬೂಸ್ಟಿಗೆ ಸಮುದ್ರಮಟ್ಟದಲ್ಲಿ 1.47 ಸಾಕಾಗುತ್ತಿತ್ತು. ನಮ್ಮ ಎತ್ತರದಲ್ಲಿ ಅದೇ ಟರ್ಬೊ ಹೆಚ್ಚು ಸುತ್ತು ತಿರುಗಬೇಕು, ಹೆಚ್ಚು ಬಿಸಿಯಾಗಬೇಕು.

ಟರ್ಬೊ ಆಯ್ಕೆ

ನಿಮಿಷಕ್ಕೆ 4.43 ಕಿಲೋ ಎಂದರೆ ಸುಮಾರು 9.8 ಪೌಂಡ್. ತಯಾರಕರು ಕೊಡುವ ಕಂಪ್ರೆಸರ್ ನಕ್ಷೆಯಲ್ಲಿ ಅಡ್ಡಗೆರೆಯಲ್ಲಿ ಈ ಹರಿವನ್ನೂ ನೆಟ್ಟಗೆರೆಯಲ್ಲಿ 1.52 ಅನ್ನೂ ಗುರುತಿಸಿದಾಗ, ಬಿಂದು ನಡುವಿನ ದಕ್ಷ ವಲಯದಲ್ಲಿ ಬೀಳಬೇಕು. ಎಡಗಡೆಯ ಗೆರೆ ದಾಟಿದರೆ ಗಾಳಿ ಹಿಂದಕ್ಕೆ ನುಗ್ಗಿ ಕಂಪ್ರೆಸರ್ ಬಿಕ್ಕಳಿಸುತ್ತದೆ, ಬಲಗಡೆಯ ಅಂಚಿಗೆ ಹೋದರೆ ಗಾಳಿಗಿಂತ ಬಿಸಿಯೇ ಹೆಚ್ಚು ಬರುತ್ತದೆ. 3,000 ಸುತ್ತಿನ ಲೆಕ್ಕವನ್ನೂ ಮಾಡಿ ಎರಡನೆಯ ಬಿಂದುವನ್ನು ಇಡುವುದನ್ನು ಮರೆಯಬಾರದು. ಈ ಅಳತೆಗೆ ಗ್ಯಾರೆಟ್ ಜಿಟಿ1241ರಂತಹ ಪುಟ್ಟ ಟರ್ಬೊ ಹೊಂದುತ್ತದೆ.

ಗುಜರಿಯಿಂದ ಡೀಸೆಲ್ ಕಾರಿನ ಟರ್ಬೊ ತಂದು ಹಾಕುವ ಯೋಚನೆ ಎಲ್ಲರಿಗೂ ಬರುತ್ತದೆ. ಬೆಲೆ ಕಡಿಮೆ, ಗಾತ್ರವೂ ಕಣ್ಣಳತೆಗೆ ಸರಿ. ಆದರೆ ಡೀಸೆಲ್ ಎಂಜಿನ್ನಿನ ಹೊಗೆ ಪೆಟ್ರೋಲಿನದಕ್ಕಿಂತ ತಣ್ಣಗಿರುತ್ತದೆ. ಪೂರ್ತಿ ಹೊರೆಯಲ್ಲಿ ಪೆಟ್ರೋಲ್ ಎಂಜಿನ್ನಿನ ಹೊಗೆ 850ರಿಂದ 950 ಡಿಗ್ರಿ ಮುಟ್ಟುತ್ತದೆ, ಆ ಬಿಸಿಗೆಂದು ಎರಕ ಹೊಯ್ಯದ ಟರ್ಬೈನ್ ಮನೆ ಬಿರುಕು ಬಿಡುತ್ತದೆ. ರೆಕ್ಕೆಗಳ ಕೋನ ಬದಲಿಸುವ ಬಗೆಯ ಡೀಸೆಲ್ ಟರ್ಬೊವಂತೂ ಬೇಡವೇ ಬೇಡ, ಅದರ ಸೂಕ್ಷ್ಮ ಕೀಲುಗಳು ಆ ಬಿಸಿಯಲ್ಲಿ ಹಿಡಿದುಕೊಳ್ಳುತ್ತವೆ. ಸೆಕೆಂಡ್‌ಹ್ಯಾಂಡ್ ತರುವುದೇ ಆದರೆ ಶಾಫ್ಟನ್ನು ಉದ್ದಕ್ಕೆ ತಳ್ಳಿ ಎಳೆದು ನೋಡಬೇಕು. ಆ ದಿಕ್ಕಿನಲ್ಲಿ ಕೈಗೆ ಗೊತ್ತಾಗುವಷ್ಟು ಆಟ ಇರಬಾರದು. ಅಡ್ಡಕ್ಕೆ ಸ್ವಲ್ಪ ಆಟ ಎಣ್ಣೆಯ ಪದರಕ್ಕಾಗಿ ಇದ್ದೇ ಇರುತ್ತದೆ, ಆದರೆ ಚಕ್ರದ ಅಂಚು ಗೋಡೆಗೆ ಉಜ್ಜಿದ ಗುರುತು ಕಂಡರೆ ಅಲ್ಲಿಯೇ ಬಿಟ್ಟು ಬರಬೇಕು.

ಮ್ಯಾನಿಫೋಲ್ಡ್ ಮತ್ತು ಹೊಗೆಯ ಕೊಳವೆ

ಟರ್ಬೊ ಕೂರುವುದು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ. ಮೂಲ ಮ್ಯಾನಿಫೋಲ್ಡ್ ತೆಗೆದು ಹೊಸದನ್ನು ಕಟ್ಟಿಸಬೇಕಾಗುತ್ತದೆ, ಕ್ಯಾಟಲಿಟಿಕ್ ಕನ್ವರ್ಟರ್ ಅದರಲ್ಲೇ ಸೇರಿಕೊಂಡಿರುವ ಎಂಜಿನ್ನುಗಳಲ್ಲಿ ಅದರ ಜಾಗವೂ ಬದಲಾಗುತ್ತದೆ. ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ ಲೇಸರ್ ಕಟಿಂಗ್, ಆರ್ಗಾನ್ ವೆಲ್ಡಿಂಗ್, ಮಿಲ್ಲಿಂಗ್ ಮೂರೂ ಸಿಗುವುದರಿಂದ ಈ ಕೆಲಸಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ. ಫ್ಲ್ಯಾಂಜ್ 10ರಿಂದ 12 ಮಿಲಿಮೀಟರ್ ದಪ್ಪವಿರಲಿ. ದಪ್ಪ ಗೋಡೆಯ ಎಂಎಸ್ (ಸಾದಾ ಉಕ್ಕಿನ) ಪೈಪಾದರೂ ಸರಿ, 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಆದರೂ ಸರಿ, ಮನೆಯ ಗ್ರಿಲ್ಲಿಗೆ ಬಳಸುವ ತೆಳು ಪೈಪು ಮಾತ್ರ ಬೇಡ. ವೆಲ್ಡಿಂಗ್ ಮಾಡುವಾಗ ಫ್ಲ್ಯಾಂಜನ್ನು ದಪ್ಪನೆಯ ಹಲಗೆಗೆ ಬೋಲ್ಟ್ ಹಾಕಿ ಬಿಗಿದಿರಬೇಕು, ತಣ್ಣಗಾದ ಮೇಲೆ ಮುಖವನ್ನು ಮಿಲ್ಲಿಂಗಿನಲ್ಲಿ ಸಮ ಮಾಡಿಸಬೇಕು. ಬಿಸಿಗೆ ಹಿಗ್ಗುವ ಮ್ಯಾನಿಫೋಲ್ಡಿನ ಮೇಲೆ ಟರ್ಬೊದ ಪೂರ್ತಿ ಭಾರ ಜೋತುಬಿದ್ದರೆ ಬೆಸುಗೆ ಬಿಡುತ್ತದೆ, ಆದ್ದರಿಂದ ಎಂಜಿನ್ ಬ್ಲಾಕಿನಿಂದ ಒಂದು ಆಸರೆ ಕೊಡುವುದು ಕ್ಷೇಮ.

ಟರ್ಬೈನ್ ದಾಟಿದ ಮೇಲಿನ ಕೊಳವೆ ಎರಡು ಅಂಗುಲ ಇದ್ದರೆ ಈ ಎಂಜಿನ್‌ಗೆ ಸಾಕು. ಎಂಜಿನ್ ಅಲುಗಾಟವನ್ನು ತಡೆಯಲು ಅದರಲ್ಲೊಂದು ಬಳುಕುವ ಜೋಡಣೆ ಇರಬೇಕು. ವೈಡ್‌ಬ್ಯಾಂಡ್ ಲ್ಯಾಂಬ್ಡಾ ಸೆನ್ಸರ್‌ಗೆ (ಹೊಗೆಯಲ್ಲಿನ ಆಮ್ಲಜನಕ ನೋಡಿ ಇಂಧನ ಹೆಚ್ಚೋ ಕಡಿಮೆಯೋ ಹೇಳುವ ಸಾಧನ) ಬೇಕಾದ ತಿರುಪಿನ ಬಳೆಯನ್ನು ಟರ್ಬೈನಿನಿಂದ 60ರಿಂದ 90 ಸೆಂಟಿಮೀಟರ್ ಕೆಳಗೆ, ಸೆನ್ಸರ್ ತಲೆ ಮೇಲ್ಮುಖವಾಗಿ ಓರೆಯಾಗಿ ಕೂರುವಂತೆ ಬೆಸೆಯಬೇಕು. ತಳಭಾಗದಲ್ಲಿ ಬೆಸೆದರೆ ಕೊಳವೆಯಲ್ಲಿ ಇಂಗಿದ ನೀರು ಸೇರಿ ಸೆನ್ಸರ್ ಒಡೆಯುತ್ತದೆ. ಹತ್ತಿರದ ವೈರು, ಬ್ರೇಕ್ ಪೈಪು, ಪ್ಲಾಸ್ಟಿಕ್ಕುಗಳಿಗೆ ಶಾಖ ತಡೆಯುವ ತಗಡು ಹಾಕುವುದನ್ನು ಕೊನೆಯ ದಿನಕ್ಕೆ ಮುಂದೂಡಬಾರದು.

ಎಣ್ಣೆಯ ದಾರಿ

ಟರ್ಬೊದ ಶಾಫ್ಟ್ ನಿಮಿಷಕ್ಕೆ ಒಂದೂವರೆ ಲಕ್ಷದಿಂದ ಎರಡು ಲಕ್ಷಕ್ಕೂ ಮೀರಿದ ಸುತ್ತಿನಲ್ಲಿ, ಲೋಹಕ್ಕೆ ಲೋಹ ತಾಗದಂತೆ, ಎಣ್ಣೆಯ ತೆಳು ಪದರದ ಮೇಲೆ ತೇಲುತ್ತದೆ. ಆ ಪದರ ಕೆಲವೇ ಸೆಕೆಂಡು ತಪ್ಪಿದರೂ ಬೇರಿಂಗ್ ಮುಗಿಯಿತು. ಎಣ್ಣೆಯನ್ನು ಎಂಜಿನ್ನಿನ ಆಯಿಲ್ ಪ್ರೆಶರ್ ಸ್ವಿಚ್ ಇರುವ ಜಾಗದಲ್ಲಿ ಟಿ ಜೋಡಣೆ ಹಾಕಿ ತೆಗೆದುಕೊಳ್ಳುವುದು ಸುಲಭದ ದಾರಿ. ಸ್ವಿಚ್ಚನ್ನು ಅದೇ ಟಿಯಲ್ಲಿ ಉಳಿಸಿಕೊಳ್ಳಬೇಕು. ಪೂರೈಕೆಯ ಕೊಳವೆ ಲೋಹದ ಹೆಣಿಗೆಯುಳ್ಳ ಟೆಫ್ಲಾನ್ ಹೋಸ್ ಆಗಿರಲಿ. ಬಾಲ್ ಬೇರಿಂಗಿನ ಟರ್ಬೊಗಳಿಗೆ ಒಂದು ಮಿಲಿಮೀಟರ್ ಆಸುಪಾಸಿನ ತೂತಿನ ತಡೆ ಬೇಕು. ಸಾದಾ ಬುಶ್ ಬೇರಿಂಗಿನವುಗಳಿಗೆ ತಯಾರಕರು ಹೇಳದ ಹೊರತು ಬೇಡ.

ಹೊಸಬರು ಎಡವುವುದು ಪೂರೈಕೆಯಲ್ಲಲ್ಲ, ಮರಳುವ ದಾರಿಯಲ್ಲಿ. ಟರ್ಬೊದಿಂದ ಹೊರಬರುವ ಎಣ್ಣೆಗೆ ಒತ್ತಡವಿರುವುದಿಲ್ಲ. ಗಾಳಿ ಬೆರೆತು ಮಜ್ಜಿಗೆಯ ನೊರೆಯಂತಾಗಿರುವ ಅದು ತನ್ನ ಭಾರದಿಂದಷ್ಟೇ ಎಂಜಿನ್ನಿನ ತಳದ ಎಣ್ಣೆ ತಟ್ಟೆಗೆ, ಅಂದರೆ ಸಂಪಿಗೆ, ಇಳಿಯಬೇಕು. ಅದಕ್ಕಾಗಿ ಒಳವ್ಯಾಸ 16ರಿಂದ 19 ಮಿಲಿಮೀಟರ್ ಇರುವ, ನೆಟ್ಟಗೆ ಇಳಿಯುವ, ಎಲ್ಲಿಯೂ ತಗ್ಗಾಗಿ ಮತ್ತೆ ಏರದ ಕೊಳವೆ ಬೇಕು. ಸಂಪಿನಲ್ಲಿ ಅದು ಸೇರುವ ತೂತು ಎಣ್ಣೆಯ ಮಟ್ಟಕ್ಕಿಂತ ಮೇಲಿರಬೇಕು. ಸಂಪನ್ನು ಬಿಚ್ಚದೆ ಕಾರಿನಡಿ ಮಲಗಿ ಡ್ರಿಲ್ ಹಾಕುವ ಸೋಮಾರಿತನ ಬೇಡ. ಒಳಗೆ ಬಿದ್ದ ಲೋಹದ ಚೂರು ಆಯಿಲ್ ಪಂಪಿನ ಜಾಲರಿಗೆ ಹೋಗುತ್ತದೆ.

ಮಂಡ್ಯದ ನಮ್ಮ ಶೆಡ್ಡಿನಲ್ಲಿ ನಾನು ಕೂರಿಸಿದ ಮೊದಲ ಟರ್ಬೊ ಹತ್ತು ನಿಮಿಷ ಓಡಿದ ಮೇಲೆ ಆಲೆಮನೆಯ ಚಿಮಣಿಯಂತೆ ನೀಲಿ ಹೊಗೆ ಬಿಡತೊಡಗಿತು. ಸೀಲ್ ಹೋಗಿದೆ, ಒಳಭಾಗವನ್ನೇ ಬದಲಿಸಬೇಕು ಎಂದು ಒಂದು ವರ್ಕ್‌ಶಾಪಿನಲ್ಲಿ ಹೇಳಿದರು, ನಾನು ನಂಬಿದೆ, ದುಡ್ಡೂ ಕೊಟ್ಟೆ. ಹೊಸ ಒಳಭಾಗ ಹಾಕಿದ ಮೇಲೂ ಅದೇ ಹೊಗೆ. ಕೊನೆಗೆ ನೋಡಿದರೆ ಮರಳುವ ರಬ್ಬರ್ ಹೋಸ್ ಹೊಗೆಯ ಕೊಳವೆಗೆ ಎರಡು ಬೆರಳಿನಷ್ಟು ಹತ್ತಿರದಲ್ಲಿ ಹಾದುಹೋಗಿ, ಬಿಸಿಗೆ ಮೆತ್ತಗಾಗಿ, ನಡುವೆ ಜೋತುಬಿದ್ದು ಮಡಚಿಕೊಂಡಿತ್ತು. ಇಳಿಯಲು ದಾರಿಯಿಲ್ಲದ ಎಣ್ಣೆ ಸೀಲ್ ದಾಟಿ ಟರ್ಬೈನಿಗೆ ನುಗ್ಗುತ್ತಿತ್ತು. ಟರ್ಬೊದ ಸೀಲ್‌ಗಳು ರಬ್ಬರಿನವಲ್ಲ, ಪಿಸ್ಟನ್ ರಿಂಗಿನಂತಹ ಲೋಹದ ಬಳೆಗಳು. ಎಣ್ಣೆ ತುಂಬಿ ನಿಂತರೆ ಹೊಚ್ಚಹೊಸ ಟರ್ಬೊ ಕೂಡ ಸೋರುತ್ತದೆ. ನೀಲಿ ಹೊಗೆ ಕಂಡವರು ಮೊದಲು ಮರಳುವ ಕೊಳವೆಯನ್ನೂ, ಆಮೇಲೆ ಎಂಜಿನ್ನಿನ ಉಸಿರುಗೊಳವೆ ಕಟ್ಟಿದೆಯೇ ಎಂಬುದನ್ನೂ, ಇವೆರಡೂ ಸರಿಯಿದ್ದರೆ ಮಾತ್ರ ಟರ್ಬೊವನ್ನೂ ಶಂಕಿಸಬೇಕು.

ನೀರಿನಿಂದ ತಂಪಾಗುವ ಟರ್ಬೊ ಆಗಿದ್ದರೆ ಹೀಟರ್ ಹೋಸಿನ ಸಾಲಿನಿಂದ ಕೂಲಂಟ್ ಕೊಡಬಹುದು. ಕೊಳವೆಗಳು ಟರ್ಬೊದಿಂದ ಮೇಲ್ಮುಖವಾಗಿ ಹೊರಟರೆ, ಎಂಜಿನ್ ಆಫ್ ಆದ ಮೇಲೂ ಬಿಸಿನೀರು ತಾನಾಗಿಯೇ ಮೇಲೇರಿ ತಣ್ಣೀರು ಒಳಬರುತ್ತದೆ, ಬೇರಿಂಗಿನಲ್ಲಿ ಉಳಿದ ಎಣ್ಣೆ ಸುಟ್ಟು ಕರಿಕಟ್ಟುವುದಿಲ್ಲ.

ಗಾಳಿಯ ದಾರಿ

30 ಡಿಗ್ರಿಯ ಗಾಳಿಯನ್ನು 1.52 ಪಟ್ಟು ಒತ್ತಿದಾಗ, ಕಂಪ್ರೆಸರಿನ ದಕ್ಷತೆ ನೂರಕ್ಕೆ 68 ಇದ್ದರೆ, ಅದು 86 ಡಿಗ್ರಿಯಾಗಿ ಹೊರಬರುತ್ತದೆ. ಕಡಿಮೆ ಬೂಸ್ಟಿಗೆ ಇಂಟರ್‌ಕೂಲರ್ ಬೇಡ ಎನ್ನುವವರಿಗೆ ಈ ಒಂದು ಅಂಕಿ ಉತ್ತರ ಕೊಡುತ್ತದೆ. ಬೇಸಿಗೆಯಲ್ಲಿ ಮಂಡ್ಯದ ಗಾಳಿ 36 ಡಿಗ್ರಿ ಮುಟ್ಟಿದ ದಿನ ಅದು 90 ದಾಟುತ್ತದೆ. ಇಂಟರ್‌ಕೂಲರನ್ನು ರೇಡಿಯೇಟರಿನ ಮುಂದೆ, ಎರಡರ ನಡುವೆ ಗಾಳಿಯಾಡುವಷ್ಟು ಸಂದಿ ಬಿಟ್ಟು ಕೂರಿಸಬೇಕು. ದೊಡ್ಡದು ಒಳ್ಳೆಯದೆಂದು ಬಂಪರ್ ತುಂಬುವಷ್ಟು ದೊಡ್ಡದನ್ನು ತಂದರೆ ರೇಡಿಯೇಟರಿಗೆ ಗಾಳಿ ಸಿಗದೆ ಎಂಜಿನ್ ಕುದಿಯುತ್ತದೆ. 50 ಮಿಲಿಮೀಟರಿನ ಅಲ್ಯೂಮಿನಿಯಂ ಪೈಪು, ಸಿಲಿಕೋನ್ ಹೋಸ್, ಬೋಲ್ಟಿನಿಂದ ಬಿಗಿಯುವ ಕ್ಲ್ಯಾಂಪ್ ಬಳಸಬೇಕು. ಪೈಪಿನ ತುದಿಗೆ ಉಬ್ಬುಗೆರೆ ಹಾಕಿಸದಿದ್ದರೆ ಎಷ್ಟೇ ಬಿಗಿದರೂ ಹೋಸ್ ಹಾರಿಹೋಗುತ್ತದೆ.

ಥ್ರಾಟಲ್ ಬಿಟ್ಟಾಗ ಒತ್ತಿದ ಗಾಳಿಗೆ ಹೋಗಲು ದಾರಿ ಬೇಕಾದ್ದರಿಂದ ಬ್ಲೋ-ಆಫ್ ವಾಲ್ವ್ ಇರಬೇಕು. ಗಾಳಿಯ ಹರಿವನ್ನು ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇರುವ ಎಂಜಿನ್ನಿನಲ್ಲಿ ಆ ಗಾಳಿಯನ್ನು ಮತ್ತೆ ಕಂಪ್ರೆಸರಿನ ಬಾಯಿಗೇ ಬಿಡಬೇಕು, ಹೊರಗೆ ಬಿಟ್ಟರೆ ಲೆಕ್ಕ ತಪ್ಪುತ್ತದೆ. ಆ "ಪ್ಸ್ಶ್" ಸದ್ದಿಗಾಗಿಯೇ ಟರ್ಬೊ ಹಾಕುವವರೂ ಇದ್ದಾರೆ, ಅವರ ಇಷ್ಟ.

ಇಲ್ಲಿಯವರೆಗೆ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಇರುತ್ತಿದ್ದದ್ದು ನಿರ್ವಾತ. ಇನ್ನು ಮುಂದೆ ಅಲ್ಲಿ ಒತ್ತಡವೂ ಬರುತ್ತದೆ ಎಂಬುದನ್ನು ಅದಕ್ಕೆ ಜೋಡಿಸಿದ ಪ್ರತಿಯೊಂದು ಸಣ್ಣ ಹೋಸಿಗೂ ನೆನಪಿಸಬೇಕು. ಬ್ರೇಕ್ ಬೂಸ್ಟರಿನ ಏಕಮುಖ ವಾಲ್ವ್ ಗಟ್ಟಿಯಾಗಿದೆಯೇ ನೋಡಬೇಕು. ಅದು ಸೋರಿದರೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ. ಕ್ರ್ಯಾಂಕ್‌ಕೇಸಿನ ಆವಿಯನ್ನು ಮತ್ತೆ ಎಂಜಿನ್ನಿಗೇ ಮರಳಿಸುವ ಪಿಸಿವಿ ಹೋಸಿಗೂ, ಪೆಟ್ರೋಲ್ ಆವಿಯ ಹೋಸಿಗೂ ಏಕಮುಖ ವಾಲ್ವ್ ಹಾಕದಿದ್ದರೆ ಬೂಸ್ಟ್ ಸಂಪಿಗೂ ಟ್ಯಾಂಕಿಗೂ ನುಗ್ಗುತ್ತದೆ. ಎಲ್ಲ ಜೋಡಿಸಿದ ಮೇಲೆ ಕಂಪ್ರೆಸರಿನ ಬಾಯಿ ಮುಚ್ಚಿ, ಸೈಕಲ್ ಟ್ಯೂಬಿನ ವಾಲ್ವ್ ಹಾಕಿದ ಮುಚ್ಚಳದ ಮೂಲಕ 0.5 ಬಾರ್ ಗಾಳಿ ತುಂಬಿ, ಸೋಪಿನ ನೀರು ಸವರಿ ಗುಳ್ಳೆ ಹುಡುಕಬೇಕು.

ಏರ್ ಫಿಲ್ಟರ್ ಬಗ್ಗೆ ಒಂದು ಮಾತು. ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯದ ಹಳ್ಳಿರಸ್ತೆಗಳ ದೂಳು ಕಂಪ್ರೆಸರ್ ರೆಕ್ಕೆಯ ಅಂಚನ್ನು ಅರ ಹಾಕಿದಂತೆ ಸವೆಸುತ್ತದೆ. ಫಿಲ್ಟರಿಲ್ಲದೆ ಒಂದು ಬಾರಿ ಸುತ್ತಿ ಬರೋಣ ಎಂಬ ಆಸೆಗೂ ಬಲಿಯಾಗಬಾರದು.

ಇಂಧನ, ಕಿಡಿ ಮತ್ತು ಇಸಿಯು

ಈಗ ಇದ್ದಿಲಿನ ಲೆಕ್ಕ. ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ಈಗ ನೂರಕ್ಕೆ 20ರವರೆಗೆ ಎಥೆನಾಲ್ ಇರುತ್ತದೆ, ಅದರಲ್ಲಿ ಕಬ್ಬಿನ ಕಾಕಂಬಿಯಿಂದ ಬಂದ ಪಾಲೂ ಇದೆ. ಶುದ್ಧ ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಾದರೆ ಈ ಮಿಶ್ರಣಕ್ಕೆ ಸುಮಾರು 13.5 ಪಾಲು ಸಾಕು. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಸುರಿಯಬೇಕು. ಎಥೆನಾಲ್‌ಗೆ ನಾಕಿಂಗ್ ತಡೆಯುವ ಗುಣವೂ, ಆವಿಯಾಗುವಾಗ ಗಾಳಿಯನ್ನು ತಂಪು ಮಾಡುವ ಗುಣವೂ ಪೆಟ್ರೋಲಿಗಿಂತ ಹೆಚ್ಚಿರುವುದರಿಂದ ಟರ್ಬೊ ಕೆಲಸಕ್ಕೆ ಅದು ಮಿತ್ರನೇ, ಆದರೆ ಹಳೆಯ ಕಾರಾದರೆ ಇಂಧನದ ರಬ್ಬರ್ ಹೋಸುಗಳನ್ನು ಎಥೆನಾಲ್ ತಾಳುವಂಥವಕ್ಕೆ ಬದಲಿಸಬೇಕು. ಅಂಕಿಗಳ ಗೊಂದಲ ಬೇಡವೆಂದರೆ ಗಾಳಿ–ಇಂಧನದ ಅನುಪಾತ ಬಿಟ್ಟು ಲ್ಯಾಂಬ್ಡಾದಲ್ಲೇ ಯೋಚಿಸುವುದು ಮೇಲು: ಯಾವ ಮಿಶ್ರಣಕ್ಕಾದರೂ 1 ಎಂದರೆ ಸರಿಸಮ, ಅದಕ್ಕಿಂತ ಕಡಿಮೆ ಎಂದರೆ ಇಂಧನ ಹೆಚ್ಚು.

ಪೂರ್ತಿ ಬೂಸ್ಟಿನಲ್ಲಿ ಲ್ಯಾಂಬ್ಡಾ 0.82 ಬೇಕೆಂದರೆ ಒಂದು ಪಾಲು ಇಂಧನಕ್ಕೆ 11 ಪಾಲು ಗಾಳಿ. 4.43 ಕಿಲೋ ಗಾಳಿಗೆ ನಿಮಿಷಕ್ಕೆ 400 ಗ್ರಾಂ, ಅಂದರೆ ಸುಮಾರು 535 ಸಿಸಿ ಇಂಧನ. ನಾಲ್ಕು ಇಂಜೆಕ್ಟರುಗಳಿಗೆ ಹಂಚಿ, ಅವು ನೂರಕ್ಕೆ 80ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದೆಂಬ ನಿಯಮ ಸೇರಿಸಿದರೆ ಒಂದೊಂದಕ್ಕೂ 167 ಸಿಸಿ. ಟ್ಯಾಂಕಿನೊಳಗೇ ಒತ್ತಡ ನಿಯಂತ್ರಿಸುವ, ಮರಳುವ ಕೊಳವೆ ಇಲ್ಲದ ಕಾರುಗಳಲ್ಲಿ ಇನ್ನೊಂದು ತೊಡಕಿದೆ: 3 ಬಾರ್ ಒತ್ತಡದಲ್ಲಿ ಸಿಂಪಡಿಸುವ ಇಂಜೆಕ್ಟರಿಗೆ ಎದುರಿನಿಂದ 0.4 ಬಾರ್ ಬೂಸ್ಟ್ ಒತ್ತಿದಾಗ ಉಳಿಯುವುದು 2.6 ಬಾರ್, ಹರಿವು ನೂರಕ್ಕೆ 7ರಷ್ಟು ಇಳಿಯುತ್ತದೆ. ಹೀಗಾಗಿ 200 ಸಿಸಿಗೆ ಕಡಿಮೆಯಿಲ್ಲದ ಇಂಜೆಕ್ಟರ್ ಹಾಕಬೇಕು. ಹಳೆಯವೇ ಸಾಕಾಗುತ್ತವೆಯೇ ಎಂಬುದನ್ನು ಇಂಜೆಕ್ಟರ್ ಪರೀಕ್ಷಿಸುವ ಅಂಗಡಿಯಲ್ಲಿ ಅಳೆಸಿ ತಿಳಿಯಬೇಕೇ ಹೊರತು ಊಹಿಸಬಾರದು. ಪಂಪ್ ಕೂಡ ಕೆಲಸದ ಒತ್ತಡದಲ್ಲಿ ನಿಮಿಷಕ್ಕೆ 700 ಸಿಸಿಯನ್ನಾದರೂ ಕೊಡಬೇಕು.

ಕಾರಿನ ಮೂಲ ಮ್ಯಾಪ್ ಸೆನ್ಸರ್ (ಗಾಳಿ ಒಳಬರುವ ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಸಾಧನ) ವಾತಾವರಣದ ಒತ್ತಡಕ್ಕಿಂತ ಸ್ವಲ್ಪ ಮೇಲಕ್ಕೆ ಅಳೆದು ಅಲ್ಲಿಗೆ ಕುರುಡಾಗುತ್ತದೆ. ಬೂಸ್ಟ್ ಬಂದಿದೆಯೆಂದು ಇಸಿಯುಗೆ, ಅಂದರೆ ಇಂಧನ ಮತ್ತು ಕಿಡಿಯನ್ನು ನಿಯಂತ್ರಿಸುವ ಕಂಪ್ಯೂಟರಿಗೆ, ತಿಳಿಯುವುದೇ ಇಲ್ಲ, ತಿಳಿಯದಿದ್ದರೆ ಅದು ಇಂಧನವನ್ನೂ ಹೆಚ್ಚಿಸುವುದಿಲ್ಲ, ಕಿಡಿಯನ್ನೂ ತಡಮಾಡುವುದಿಲ್ಲ. ಬೂಸ್ಟಿಗೆ ತಕ್ಕಂತೆ ಇಂಧನದ ಒತ್ತಡ ಏರಿಸುವ ರೆಗ್ಯುಲೇಟರ್ ಒಂದನ್ನೇ ಹಾಕಿ ಕೈತೊಳೆದುಕೊಳ್ಳುವ ಹಳೆಯ ಪದ್ಧತಿ ಕಿಡಿಯ ವಿಷಯದಲ್ಲಿ ಏನೂ ಮಾಡಲಾರದು. 2.5 ಅಥವಾ 3 ಬಾರ್ ಮ್ಯಾಪ್ ಸೆನ್ಸರ್, ಅದನ್ನು ಓದಬಲ್ಲ ಸ್ವತಂತ್ರ ಇಸಿಯು ಹಾಕುವುದು ಸರಿಯಾದ ದಾರಿ. ಮೂಲ ಇಸಿಯು ಜೊತೆ ಕೂರುವ ಪಿಗ್ಗಿಬ್ಯಾಕ್ ಪೆಟ್ಟಿಗೆ ಅಗ್ಗ, ಕಡಿಮೆ ಬೂಸ್ಟಿಗೆ ನಡೆಯುತ್ತದೆ, ಆದರೆ ಒಂದೇ ಮನೆಯಲ್ಲಿ ಇಬ್ಬರು ಯಜಮಾನರಿದ್ದಂತೆ: ಒಂದು ಕೊಟ್ಟ ಅಪ್ಪಣೆಯನ್ನು ಇನ್ನೊಂದು ತಿದ್ದುತ್ತಿರುತ್ತದೆ.

ಸ್ಪಾರ್ಕ್ ಪ್ಲಗ್ ಒಂದು ದರ್ಜೆ ತಣ್ಣಗಿನದಾಗಿರಲಿ, ಸಂದಿ 0.6ರಿಂದ 0.7 ಮಿಲಿಮೀಟರ್ ಇರಲಿ. ಒತ್ತಿದ ಗಾಳಿಯಲ್ಲಿ ದೊಡ್ಡ ಸಂದಿಯನ್ನು ಕಿಡಿ ಹಾರಲಾರದು.

ಮೊದಲ ಸ್ಟಾರ್ಟ್ ಮತ್ತು ಟ್ಯೂನಿಂಗ್

ಹೊಸ ಎಣ್ಣೆ, ಹೊಸ ಆಯಿಲ್ ಫಿಲ್ಟರ್ ಹಾಕಿದ ಮೇಲೆ ಟರ್ಬೊದ ಎಣ್ಣೆಯ ಬಾಯಿಗೆ ಸ್ವಲ್ಪ ಎಣ್ಣೆ ಹನಿಸಿ ಕೈಯಲ್ಲಿ ಚಕ್ರ ತಿರುಗಿಸಬೇಕು. ಇಂಧನ ಪಂಪಿನ ಫ್ಯೂಸ್ ತೆಗೆದು, ಕಿಡಿ ನಿಲ್ಲಿಸಿ, ಮರಳುವ ಕೊಳವೆಯ ತುದಿಯನ್ನು ಬಾಟಲಿಗೆ ಹಿಡಿದು, ಎಣ್ಣೆ ಬರುವವರೆಗೆ ಬಿಟ್ಟುಬಿಟ್ಟು ಸ್ಟಾರ್ಟರ್ ತಿರುಗಿಸಬೇಕು. ಎಣ್ಣೆ ಕಣ್ಣಿಗೆ ಕಂಡ ಮೇಲಷ್ಟೇ ಕೊಳವೆ ಜೋಡಿಸಿ ಎಂಜಿನ್ ಸ್ಟಾರ್ಟ್ ಮಾಡಬೇಕು. ಮೊದಲ ಹತ್ತು ನಿಮಿಷ ಐಡಲಿನಲ್ಲೇ ಬಿಟ್ಟು ಸೋರಿಕೆ ನೋಡಬೇಕು. ಮ್ಯಾನಿಫೋಲ್ಡಿಗೆ ಅಂಟಿದ ಎಣ್ಣೆ ಸುಟ್ಟು ಒಂದಿಷ್ಟು ಹೊಗೆ ಬರುವುದು ಸಹಜ, ಆದರೂ ಅಗ್ನಿಶಾಮಕ ಸಿಲಿಂಡರ್ ಕೈಗೆಟುಕುವಲ್ಲಿ ಇರಲಿ.

ಟ್ಯೂನಿಂಗ್ ಡೈನೊ ಮೇಲೆ, ಅಂದರೆ ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರದ ಮೇಲೆ, ಆಗಬೇಕು. ವೇಸ್ಟ್‌ಗೇಟಿನ (ಹೆಚ್ಚಾದ ಹೊಗೆಯನ್ನು ಟರ್ಬೈನಿಗೆ ಹೋಗದಂತೆ ಬದಿಗೆ ಬಿಟ್ಟು ಬೂಸ್ಟನ್ನು ಮಿತಿಯಲ್ಲಿಡುವ ಕವಾಟ) ಹೋಸನ್ನು ಯಾವ ನಿಯಂತ್ರಕವೂ ಇಲ್ಲದೆ ನೇರವಾಗಿ ಕಂಪ್ರೆಸರಿಗೆ ಜೋಡಿಸಿ, ಸ್ಪ್ರಿಂಗಿನ ಕನಿಷ್ಠ ಬೂಸ್ಟಿನಲ್ಲಿ ಶುರುಮಾಡಬೇಕು. ಬೂಸ್ಟ್ 0.55 ಬಾರ್ ದಾಟಿದರೆ ಇಂಧನ ಕಡಿದು ಎಂಜಿನ್ ಉಳಿಸುವ ಕಟ್ಟಳೆಯನ್ನು ಇಸಿಯುನಲ್ಲಿ ಎಲ್ಲಕ್ಕಿಂತ ಮೊದಲು ಬರೆಯಬೇಕು, ಏಕೆಂದರೆ ವೇಸ್ಟ್‌ಗೇಟಿನ ಆ ಪುಟ್ಟ ಹೋಸ್ ಕಳಚಿದರೆ ಬೂಸ್ಟಿಗೆ ಲಗಾಮಿರುವುದಿಲ್ಲ. ಐಡಲ್ ಮತ್ತು ನಿಧಾನದ ಓಟದಲ್ಲಿ ಲ್ಯಾಂಬ್ಡಾ 1ರ ಸುತ್ತ, ಪೂರ್ತಿ ಬೂಸ್ಟಿನಲ್ಲಿ 0.80ರಿಂದ 0.82. ಕಿಡಿಯನ್ನು, ಟರ್ಬೊ ಇಲ್ಲದಾಗಿನ ಪೂರ್ತಿ ಥ್ರಾಟಲಿನ ಅಂಕಿಗಿಂತ, ಪ್ರತಿ ಪಿಎಸ್‌ಐ ಬೂಸ್ಟಿಗೆ ಒಂದು ಡಿಗ್ರಿಯಂತೆ ತಡಮಾಡಿ ಆರಂಭಿಸುವುದು ರೂಢಿ. 0.4 ಬಾರ್ ಸುಮಾರು 6 ಪಿಎಸ್‌ಐ ಆಗುವುದರಿಂದ 6 ಡಿಗ್ರಿ. ಅಲ್ಲಿಂದ ಒಂದೊಂದೇ ಡಿಗ್ರಿ ಮುಂದೆ ತರುತ್ತಾ, ನಾಕ್ ಸೆನ್ಸರಿಗೆ ಜೋಡಿಸಿದ ಹೆಡ್‌ಫೋನ್ ಕಿವಿಗಿಟ್ಟು ಕೇಳುತ್ತಾ ಹೋಗಬೇಕು. ಒಂದು ಡಿಗ್ರಿ ಸೇರಿಸಿದರೂ ಟಾರ್ಕ್ ಏರದಿದ್ದಲ್ಲಿ ನಿಂತು ಎರಡು ಡಿಗ್ರಿ ಹಿಂದಕ್ಕೆ ಬರಬೇಕು; ನಾಕಿಂಗ್ ಮೊದಲೇ ಕೇಳಿಸಿದರೆ ಅಲ್ಲಿಂದಲೇ ಹಿಂದಕ್ಕೆ. ಒಳಬರುವ ಗಾಳಿ 50 ಡಿಗ್ರಿ ಮೀರಿದಾಗ ಕಿಡಿ ಇನ್ನಷ್ಟು ತಡವಾಗುವಂತೆಯೂ ಬರೆದಿಡಬೇಕು. ಡಿಸೆಂಬರಿನ ಮುಂಜಾವಿನಲ್ಲಿ ಮಾಡಿದ ಟ್ಯೂನಿಂಗ್ ಏಪ್ರಿಲ್ ಮಧ್ಯಾಹ್ನದಲ್ಲಿ ಪಿಸ್ಟನ್ ಒಡೆಯುವುದು ಈ ಒಂದು ಸಾಲು ಬಿಟ್ಟುಹೋದಾಗಲೇ.

ಮೊದಲ ಓಟದ ಮರುದಿನ

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮ್ಯಾನಿಫೋಲ್ಡ್ ಮತ್ತು ಟರ್ಬೊದ ನಟ್ಟುಗಳನ್ನೆಲ್ಲ ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಬಿಗಿಯಬೇಕು. ಮೊದಲ ಕಾವಿಗೆ ಅವು ಸಡಿಲವಾಗಿರುತ್ತವೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಪಿಂಗಾಣಿಯನ್ನು ಭೂತಗನ್ನಡಿಯಲ್ಲಿ ನೋಡಿದಾಗ ಮೆಣಸಿನಪುಡಿಯಂತಹ ಕರಿಚುಕ್ಕೆ ಅಥವಾ ಹೊಳೆಯುವ ಅಲ್ಯೂಮಿನಿಯಂ ಕಣ ಕಂಡರೆ ನಾಕಿಂಗ್ ಆಗಿದೆ ಎಂದರ್ಥ, ಕಾರನ್ನು ಮತ್ತೆ ಡೈನೊಗೆ ಒಯ್ಯಬೇಕು. 500 ಕಿಲೋಮೀಟರಿಗೆ ಮೊದಲ ಎಣ್ಣೆ ಬದಲಿಸಿ, ಹಳೆಯ ಫಿಲ್ಟರನ್ನು ಕತ್ತರಿಸಿ ಮಡಿಕೆಗಳಲ್ಲಿ ಲೋಹದ ಚೂರು ಇದೆಯೇ ಹುಡುಕಬೇಕು. ಆಮೇಲೆ ಪೂರ್ತಿ ಸಿಂಥೆಟಿಕ್ 5ಡಬ್ಲ್ಯು-40 ಎಣ್ಣೆಯನ್ನು 5,000 ಕಿಲೋಮೀಟರಿಗೊಮ್ಮೆ ಬದಲಿಸಿದರೆ ಸಾಕು. ಹೆಚ್ಚಿದ ಟಾರ್ಕಿಗೆ ಮೊದಲು ಸೋಲುವುದು ಸಾಮಾನ್ಯವಾಗಿ ಕ್ಲಚ್. ನಾಲ್ಕನೆಯ ಗೇರಿನಲ್ಲಿ ಬೂಸ್ಟ್ ಬಂದಾಗ ಸುತ್ತು ಏರಿ ವೇಗ ಏರದಿದ್ದರೆ ಅದನ್ನು ಬದಲಿಸುವವರೆಗೆ ಟ್ರ್ಯಾಕಿಗೆ ಇಳಿಯಬಾರದು. ಜೋರಾಗಿ ಓಡಿಸಿ ಬಂದ ಮೇಲೆ ಕೂಡಲೇ ಆಫ್ ಮಾಡದೆ ಒಂದೆರಡು ನಿಮಿಷ ಐಡಲಿನಲ್ಲಿ ಬಿಡಬೇಕು, ಆ ಹೊತ್ತಿನಲ್ಲಿ ಬಾನೆಟ್ ಎತ್ತಿ ಎಣ್ಣೆ ಮರಳುವ ಕೊಳವೆಯತ್ತ ಒಮ್ಮೆ ಕಣ್ಣು ಹಾಯಿಸಬೇಕು.